ನೀರಿಲ್ಲದೆ ಎಷ್ಟು ದಿನ ತಡೆಯುತ್ತೆ?

ನರ್ಸರಿಗೆ ಹೋದವರು ಸಾಮಾನ್ಯವಾಗಿ ಕೇಳುವುದು ಇಷ್ಟೇ. ಹೂ ಯಾವ ಬಣ್ಣ, ಎಷ್ಟು ಎತ್ತರ ಹೋಗುತ್ತೆ, ರೇಟ್ ಎಷ್ಟು. ನೆಲದಲ್ಲಿ ನೆಡುವವರಿಗೆ ಇದು ಸಾಕು. ನೆಲದ ಗಿಡ ತನ್ನ ಪಾಡು ತಾನು ನೋಡಿಕೊಳ್ಳುತ್ತದೆ. ಮೇಲೆ ನೀರು ಸಿಗದಿದ್ದರೆ ಇನ್ನೂ ಆಳಕ್ಕೆ ಬೇರು ಇಳಿಸುತ್ತದೆ. ಕುಂಡದ ಗಿಡಕ್ಕೆ ಆ ದಾರಿ ಇಲ್ಲ. ಇಪ್ಪತ್ತು ಲೀಟರ್ ಮಣ್ಣು ಕೊಟ್ಟರೆ ಇಪ್ಪತ್ತು ಲೀಟರಲ್ಲೇ ಅದರ ಊಟ, ನೀರು, ನಿದ್ದೆ ಎಲ್ಲ. ಹಾಗಾಗಿ ತಾರಸಿಗೋ ಬಾಲ್ಕನಿಗೋ ಗಿಡ ಕೊಳ್ಳುವಾಗ ನಾನು ಮೊದಲು ಕೇಳುವ ಪ್ರಶ್ನೆಯೇ ಬೇರೆ. ಇದು ನೀರಿಲ್ಲದೆ ಎಷ್ಟು ದಿನ ತಡೆಯುತ್ತೆ?

ಬೆಂಗಳೂರಲ್ಲಿ ಲಾಲ್‌ಬಾಗ್ ಹತ್ತಿರ ಸಿದ್ದಾಪುರದ ಕಡೆ ಸಾಲಾಗಿ ನರ್ಸರಿಗಳಿವೆ. ಅಲ್ಲಿ ಈ ಪ್ರಶ್ನೆ ಕೇಳಿದರೆ ಬರುವ ಉತ್ತರ ಒಂದೇ: "ದಿನಾ ಒಂದು ಮಗ್ ಹಾಕಿ ಮೇಡಂ, ಸಾಕು." ಗುಲಾಬಿಗೂ ಒಂದು ಮಗ್, ನೀರು ಅಷ್ಟಾಗಿ ಬೇಡದ ಅಡೇನಿಯಂಗೂ ಒಂದು ಮಗ್. ಅವರನ್ನು ಬೈಯುವಂತಿಲ್ಲ. ದಿನಕ್ಕೆರಡು ಸಲ ಪೈಪ್ ಹಿಡಿದು ನಿಲ್ಲುವವರಿಗೆ ಗಿಡದ ಬಾಯಾರಿಕೆ ಅಳೆಯುವ ಸಂದರ್ಭವೇ ಬರುವುದಿಲ್ಲ. ಉತ್ತರ ನಾವೇ ಕಂಡುಕೊಳ್ಳಬೇಕು. ಅದಕ್ಕೆ ಎಲೆ ನೋಡಿದರೆ ಅರ್ಧ ಕೆಲಸ ಆಯಿತು. ಎಲೆ ದಪ್ಪಗಿದ್ದು ಮೇಣ ಹಚ್ಚಿದ ಹಾಗೆ ಹೊಳೆಯುತ್ತಿದ್ದರೆ, ಕಾಂಡ ಉಬ್ಬಿದ್ದರೆ, ಮುಳ್ಳಿದ್ದರೆ, ಅದು ಬಹಳಮಟ್ಟಿಗೆ ತಡೆಯುವ ಜಾತಿ. ಅಗಲ, ತೆಳು, ಮೆತ್ತನೆ ಎಲೆ ಇದ್ದರೆ ನಿಮ್ಮನ್ನು ಊರಿಗೆ ಹೋಗಲು ಬಿಡುವುದಿಲ್ಲ.

ಊರಿಗೆ ಹೋಗುವ ಮಾತು ಸುಮ್ನೆ ಎತ್ತಲಿಲ್ಲ. ನಮ್ಮ ಮನೆಗಳ ವರ್ಷ ನೋಡಿ. ಏಪ್ರಿಲ್, ಮೇ ತಿಂಗಳಲ್ಲಿ ಮಕ್ಕಳಿಗೆ ರಜೆ, ಅಜ್ಜಿ ಮನೆಗೆ ಹೊರಡುತ್ತೇವೆ. ತಾರಸಿ ಕಾದ ಹಂಚಾಗುವುದೂ ಆಗಲೇ. ಗಿಡಕ್ಕೆ ಅತಿ ಹೆಚ್ಚು ನೀರು ಬೇಕಾದ ತಿಂಗಳಲ್ಲಿ ಮನೆಗೆ ಬೀಗ. ಪಕ್ಕದ ಮನೆಯವರಿಗೆ ಕೀ ಕೊಟ್ಟು "ಸ್ವಲ್ಪ ನೀರು ಹಾಕಿ" ಅನ್ನಬಹುದು, ಎರಡು ಮೂರು ಗಿಡ ಇದ್ದರೆ. ನಲವತ್ತು ಕುಂಡ ಇದ್ದರೆ ಆ ಸ್ನೇಹ ಉಳಿಯುವುದು ಕಷ್ಟ. ಆದ್ದರಿಂದ ಮನೆಯಲ್ಲಿ ಯಾವಾಗಲೂ ಒಬ್ಬರಾದರೂ ಇರುತ್ತಾರಾ, ವರ್ಷಕ್ಕೆ ಎಷ್ಟು ಸಲ ಬೀಗ ಬೀಳುತ್ತೆ ಅಂತ ಲೆಕ್ಕ ಹಾಕಿಯೇ ಗಿಡದ ಪಟ್ಟಿ ಮಾಡಬೇಕು ಅನ್ನುವುದು ನನ್ನ ವಾದ. ಹೂವಿನ ಬಣ್ಣ ಆಮೇಲಿನ ಮಾತು.

ಎರಡನೆಯದು ಬಿಸಿಲು. ಇಲ್ಲಿ ಇಂಟರ್‌ನೆಟ್ ನಮಗೆ ಚೆನ್ನಾಗಿ ದಾರಿ ತಪ್ಪಿಸುತ್ತದೆ. ದಕ್ಷಿಣಕ್ಕೆ ಮುಖ ಮಾಡಿದ ಬಾಲ್ಕನಿಗೆ ಜಾಸ್ತಿ ಬಿಸಿಲು, ಉತ್ತರದ್ದು ಕತ್ತಲು ಅಂತ ಎಲ್ಲ ಕಡೆ ಬರೆದಿರುತ್ತಾರೆ. ಅದು ಲಂಡನ್ನಿಗೆ ಸರಿ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯ ಮೇಲೇ ಬರುತ್ತಾನೆ. ಶೂನ್ಯ ನೆರಳಿನ ದಿನ ಅಂತ ಶಾಲೆ ಮಕ್ಕಳು ಕಂಬ ನೆಟ್ಟು ನೋಡುತ್ತಾರಲ್ಲ, ಅದೇ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ಉತ್ತರದ ಕಡೆಗಿರುತ್ತಾನೆ. ಅಂದರೆ ಡಿಸೆಂಬರಲ್ಲಿ ಬಾಗಿಲವರೆಗೂ ಬಿಸಿಲು ಬರುವ ದಕ್ಷಿಣದ ಬಾಲ್ಕನಿಗೆ ಜೂನ್‌ನಲ್ಲಿ ನೇರ ಬಿಸಿಲು ಹೆಚ್ಚುಕಡಿಮೆ ಇಲ್ಲ. ವರ್ಷವೆಲ್ಲ ಮಂಕಾಗಿರುವ ಉತ್ತರದ ಬಾಲ್ಕನಿ ಮೇ, ಜೂನ್‌ನಲ್ಲಿ ಇದ್ದಕ್ಕಿದ್ದ ಹಾಗೆ ಬಿಸಿಲು ಕಾಣುತ್ತದೆ. ಜನವರಿಯಲ್ಲಿ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ನೋಡಿ ಬಂದ ಹುಮ್ಮಸ್ಸಿನಲ್ಲಿ ದಕ್ಷಿಣದ ಬಾಲ್ಕನಿಗೆ ಮಲ್ಲಿಗೆ ತಂದವರು, ಮೇ ತಿಂಗಳಲ್ಲಿ ಮೊಗ್ಗೇ ಇಲ್ಲ ಅಂತ ಗೊಬ್ಬರದ ಮೇಲೆ ಗೊಬ್ಬರ ಸುರಿಯುತ್ತಾರೆ. ಗೊಬ್ಬರದ್ದೇನೂ ತಪ್ಪಿಲ್ಲ, ಸೂರ್ಯ ಜಾಗ ಬದಲಿಸಿದ್ದಾನೆ ಅಷ್ಟೇ.

ಪಶ್ಚಿಮದ ಬಿಸಿಲಿನ ವಿಷಯವೇ ಬೇರೆ. ಅದು ಎಲೆಗಿಂತ ಬೇರಿಗೆ ಪೆಟ್ಟು ಕೊಡುತ್ತದೆ. ಮಾರ್ಚ್ ತಿಂಗಳ ಮಧ್ಯಾಹ್ನ ಕಪ್ಪು ಪ್ಲಾಸ್ಟಿಕ್ ಪಾಟಿನ ಪಶ್ಚಿಮದ ಬದಿಯನ್ನು ಮುಟ್ಟಿ ನೋಡಿ, ಕೈ ಹಿಂದೆ ತೆಗೆಯುತ್ತೀರಿ. ಆ ಬದಿಯ ಬೇರು ಬೇಯುತ್ತದೆ. ಮಣ್ಣಿನ ಕುಂಡ ತಂಪು, ಅದರ ಮೈಯಿಂದ ನೀರು ಆವಿಯಾಗುತ್ತಲೇ ಇರುತ್ತದೆ. ಆದರೆ ಅದೇ ಕಾರಣಕ್ಕೆ ಬೇಗ ಒಣಗುತ್ತದೆ. ಕಲಬುರಗಿ, ರಾಯಚೂರಿನ ನಲವತ್ತು ಡಿಗ್ರಿ ದಾಟುವ ಬಿಸಿಲಲ್ಲಿ ಮಣ್ಣಿನ ಚಿಕ್ಕ ಕುಂಡಕ್ಕೆ ದಿನಕ್ಕೆರಡು ಸಲ ನೀರು ಬೇಕಾಗಬಹುದು. ತಿಳಿಬಣ್ಣದ ದೊಡ್ಡ ಪಾಟ್ ತೆಗೆದುಕೊಂಡು, ಕುಂಡಗಳನ್ನು ಒಂದಕ್ಕೊಂದು ಒತ್ತಾಗಿ ಇಡುವುದು ಸುಲಭದ ಉಪಾಯ. ಒಂದರ ನೆರಳು ಇನ್ನೊಂದರ ಮೈಮೇಲೆ ಬೀಳುತ್ತದೆ.

ತೂಕದ ಬಗ್ಗೆ ಯಾರೂ ಮಾತಾಡುವುದಿಲ್ಲ. ಆದರೆ ಮರ ಬೆಳೆಸುವ ಆಸೆ ಇರುವವರು ಇದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಜನ ಓಡಾಡುವ ತಾರಸಿಗೆ ಚದರ ಮೀಟರಿಗೆ ಸುಮಾರು 150 ಕಿಲೋ ಬಳಕೆಯ ಭಾರ ಬರುತ್ತದೆ ಅಂತ ಲೆಕ್ಕ ಹಿಡಿದು ಮನೆ ಕಟ್ಟಬೇಕು ಅನ್ನುತ್ತದೆ ನಮ್ಮ ದೇಶದ ಕಟ್ಟಡ ಮಾನದಂಡ. ಮೇಲೆ ಹೋಗಲು ಮೆಟ್ಟಿಲೇ ಇಲ್ಲದ ಸೂರಿಗೆ ಅದರ ಅರ್ಧ. ಈಗ ಇನ್ನೂರು ಲೀಟರ್ ಡ್ರಮ್ಮನ್ನು ಅಡ್ಡಕ್ಕೆ ಕತ್ತರಿಸಿ, ಒಂದು ಅರ್ಧಕ್ಕೆ ಬರೀ ಕೆಂಪು ಮಣ್ಣು ತುಂಬಿ, ನೀರು ಹಾಕಿ. ನೂರು ಲೀಟರ್ ಒದ್ದೆ ಮಣ್ಣು ನೂರೈವತ್ತು ಕಿಲೋ ಸುಲಭವಾಗಿ ದಾಟುತ್ತದೆ. ಗಿಡದ ತೂಕ ಬೇರೆ. ಆ ಡ್ರಮ್ ಕೂರುವುದು ಕಾಲು ಚದರ ಮೀಟರ್ ಜಾಗದಲ್ಲಿ. ಒಂದು ಡ್ರಮ್ಮಿಗೆ ಸೂರು ಕುಸಿಯುವುದಿಲ್ಲ, ಭಾರ ಸುತ್ತಲೂ ಹಂಚಿಕೊಳ್ಳುತ್ತದೆ. ಆದರೆ ಅಂಥ ಹತ್ತು ಡ್ರಮ್ಮನ್ನು ತಾರಸಿಯ ನಟ್ಟನಡುವೆ ಸಾಲಾಗಿಟ್ಟರೆ ಯೋಚಿಸಬೇಕಾಗುತ್ತದೆ. ದೊಡ್ಡ ಕುಂಡಗಳಿಗೆ ಕೆಳಗೆ ಗೋಡೆ, ಪಿಲ್ಲರ್, ಬೀಮ್ ಇರುವ ಜಾಗವೇ ಸರಿ. ಹಳೇ ಮನೆಯಾದರೆ ಎಂಜಿನಿಯರ್ ಒಬ್ಬರನ್ನು ಕೇಳಿಬಿಡಿ.

ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಇಷ್ಟು ಚಾಲ್ತಿಗೆ ಬಂದಿದ್ದಕ್ಕೆ ಈ ತೂಕವೂ ಒಂದು ಕಾರಣ. ಕೆಂಪು ಮಣ್ಣು, ಕೋಕೋಪೀಟ್, ಎರೆಹುಳು ಗೊಬ್ಬರ ಸಮಸಮ ಬೆರೆಸಿದರೆ ತೂಕ ಎಷ್ಟೋ ಇಳಿಯುತ್ತದೆ, ನೀರೂ ಹಿಡಿದಿಡುತ್ತದೆ. ಹಸಿ ಕೋಕೋಪೀಟಲ್ಲಿ ಉಪ್ಪಿನಂಶ ಇರುತ್ತದೆ, ಎರಡು ಮೂರು ಸಲ ನೀರಲ್ಲಿ ನೆನೆಸಿ ಹಿಂಡಿ ಬಳಸಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅದನ್ನು ಹುದುಗು ಬರಿಸಿ ಸಿದ್ಧಪಡಿಸುವ ವಿಧಾನ ರೂಪಿಸಿದ್ದಾರೆ, ಅರ್ಕಾ ಫರ್ಮೆಂಟೆಡ್ ಕೋಕೋಪೀಟ್ ಅಂತ. ಆದರೆ ಮರದ ಜಾತಿಯ ಗಿಡಕ್ಕೆ ಬರೀ ಕೋಕೋಪೀಟ್ ಬೇಡ. ಗಾಳಿಗೆ ಗಿಡ ಅಲುಗಾಡುತ್ತದೆ, ಆಷಾಢದಲ್ಲಂತೂ ಕುಂಡದ ಸಮೇತ ಮಗುಚಿಕೊಳ್ಳುತ್ತದೆ. ಒಂದಿಷ್ಟು ಮಣ್ಣಿನ ತೂಕ ಬೇಕೇ ಬೇಕು.

ಇನ್ನು ಕುಂಡದ ತಳಕ್ಕೆ ಜಲ್ಲಿಕಲ್ಲು ಹಾಕುವ ಪದ್ಧತಿ. ನಮ್ಮಮ್ಮ ಹಾಕುತ್ತಿದ್ದರು, ಅವರಮ್ಮನೂ ಹಾಕುತ್ತಿದ್ದರು. ನೀರು ಸರಾಗ ಇಳಿಯಲಿ ಅಂತ. ನಿಜ ಏನೆಂದರೆ, ಸಣ್ಣ ಕಣದ ಮಣ್ಣಿನಿಂದ ದೊಡ್ಡ ಸಂದಿಗಳ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮೇಲಿನ ಮಣ್ಣು ಪೂರ್ತಿ ತೊಯ್ದು ತಡೆಯಲಾರದ ಮೇಲೆ ಮಾತ್ರ ಇಳಿಯುತ್ತದೆ. ಹಾಗಾಗಿ ಕುಂಡದ ತಳದಲ್ಲಿ ಇರಬೇಕಾದ ಒದ್ದೆ ಪದರ ಜಲ್ಲಿಯ ಮೇಲಕ್ಕೆ, ಬೇರಿನ ಹತ್ತಿರಕ್ಕೇ ಬಂದು ಕೂರುತ್ತದೆ. ಮಣ್ಣಿಗೆ ಸಿಗುವ ಜಾಗವೂ ಕಡಿಮೆ. ತೂತಿನ ಮೇಲೆ ಒಂದು ಹೆಂಚಿನ ಚೂರು ಇಟ್ಟರೆ ಸಾಕು, ಮಣ್ಣು ಸೋರದಿರಲಿ ಅಂತ. ಕುಂಡದ ಆಕಾರದ ಬಗ್ಗೆಯೂ ಒಂದು ಮಾತು. ಹೊಟ್ಟೆ ದಪ್ಪ, ಕತ್ತು ಸಣ್ಣ ಇರುವ ಚೆಂದದ ಹೂಜಿ ಆಕಾರದ ಕುಂಡಕ್ಕೆ ಮರುಳಾಗಬೇಡಿ. ಬೇರು ಆ ಹೊಟ್ಟೆ ತುಂಬಿಕೊಂಡ ಮೇಲೆ ಗಿಡ ಹೊರಗೆ ತೆಗೆಯಲು ಕುಂಡ ಒಡೆಯುವುದೊಂದೇ ದಾರಿ.

ಸರಿ, ಈಗ ಗಿಡ.

ಕುಂಡದಲ್ಲಿ ಬೆಳೆಸುವ ವಿದ್ಯೆ ನಮಗೆ ಹೊಸದೇನಲ್ಲ. ತುಳಸಿ ಕಟ್ಟೆ ಅಂದರೆ ಅಂಗಳದ ಕುಂಡವೇ ಅಲ್ವಾ? ಎತ್ತರದ ಜಾಗ, ಬೆಳಗಿನ ಬಿಸಿಲು, ದಿನಾ ಸ್ನಾನವಾದ ಮೇಲೆ ಒಂದು ಚೊಂಬು ನೀರು. ಗಿಡದ ಅಗತ್ಯ ಮನೆಯ ದಿನಚರಿಯೊಳಗೇ ಸೇರಿಕೊಂಡಿದೆ, ನೆನಪಿಟ್ಟುಕೊಳ್ಳುವ ಗೋಜೇ ಇಲ್ಲ. ಕದಿರು ಬಂದ ಹಾಗೆ ಚಿವುಟುತ್ತಿದ್ದರೆ ತುಳಸಿ ಹೊಸ ಚಿಗುರು ಬಿಟ್ಟುಕೊಂಡು ಜಾಸ್ತಿ ಕಾಲ ಬಾಳುತ್ತದೆ. ಬೀಜ ಕಟ್ಟಲು ಬಿಟ್ಟರೆ ಮುದಿಯಾಗುತ್ತದೆ. ಕಾರ್ತಿಕದ ಉತ್ಥಾನ ದ್ವಾದಶಿಗೆ ಪಕ್ಕದಲ್ಲಿ ನೆಲ್ಲಿಯ ಕೊಂಬೆ ನೆಡುತ್ತೇವಲ್ಲ, ಕುಂಡಕ್ಕೆ ನೆಲ್ಲಿ ಒಗ್ಗುವುದು ಅಷ್ಟೇ ಹೊತ್ತು. ಅದು ದೊಡ್ಡ ಮರ.

ಮಲ್ಲಿಗೆಗೆ ಐದಾರು ಗಂಟೆ ನೇರ ಬಿಸಿಲು ಸಿಗಬೇಕು, ಸಿಕ್ಕರೆ ಹದಿನೈದು, ಇಪ್ಪತ್ತು ಲೀಟರ್ ಕುಂಡದಲ್ಲೂ ಬುಟ್ಟಿ ತುಂಬ ಕೊಡುತ್ತದೆ. ಉಡುಪಿಯ ಶಂಕರಪುರ ಮಲ್ಲಿಗೆಯನ್ನು ಕರಾವಳಿಯಲ್ಲಿ ಎಷ್ಟೋ ಜನ ತಾರಸಿಯ ಕುಂಡಗಳಲ್ಲೇ ಬೆಳೆದು ಅಟ್ಟೆ (ಕಟ್ಟಿದ ಮಲ್ಲಿಗೆಯ ಅಳತೆ) ಲೆಕ್ಕದಲ್ಲಿ ಮಾರುತ್ತಾರೆ. ದುಂಡು ಮಲ್ಲಿಗೆಗೆ ಚಳಿಗಾಲದಲ್ಲಿ ಧೈರ್ಯವಾಗಿ ಕತ್ತರಿ ಹಾಕಬೇಕು. ಹೂ ಬರುವುದು ಹೊಸ ಚಿಗುರಲ್ಲಿ. ಕತ್ತರಿ ಹಾಕಲು ಮನಸ್ಸು ಬಾರದವರು ಮಲ್ಲಿಗೆ ತರದಿರುವುದೇ ಮೇಲು.

ಕೇಪಳದ, ಅಂದರೆ ಇಕ್ಸೋರಾದ, ಕಥೆ ಸ್ವಾರಸ್ಯದ್ದು. ಪುತ್ತೂರಿನ ನಮ್ಮ ಅತ್ತೆ ಒಮ್ಮೆ ಬಂದವರು ನಮ್ಮ ತಾರಸಿಯ ಕೆಂಪು ಕೇಪಳ ನೋಡಿ, "ಇದಕ್ಕೂ ದುಡ್ಡು ಕೊಟ್ಟಿಯಾ ಮಾರಾಯ್ತಿ? ನಮ್ಮ ಗುಡ್ಡೆಯಲ್ಲಿ ಕಡಿದು ಬಿಸಾಡಿದರೂ ಬರ್ತದೆ" ಅಂದರು. ಸರಿಯೇ. ಕರಾವಳಿಯ ಮುರಕಲ್ಲಿನ ಮಣ್ಣು ಹುಳಿ, ಮಳೆ ವಿಪರೀತ. ಕೇಪಳ ಹುಟ್ಟಿ ಬೆಳೆದದ್ದು ಅಂಥಲ್ಲಿ. ಬೆಂಗಳೂರಿನ ಎಷ್ಟೋ ಬಡಾವಣೆಯಲ್ಲಿ ಕುಂಡಕ್ಕೆ ಸಿಗುವುದು ಬೋರ್‌ವೆಲ್‌ನ ಗಡಸು ನೀರು. ಕುಂಡದ ಮೈಮೇಲೆ ಬಿಳಿ ಉಪ್ಪು ಕಟ್ಟುತ್ತದೆ. ಮಣ್ಣು ಹುಳಿ ಕಳೆದುಕೊಂಡ ಹಾಗೆ ಬೇರಿಗೆ ಕಬ್ಬಿಣದಂಶ ಎಳೆದುಕೊಳ್ಳಲು ಆಗುವುದಿಲ್ಲ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಮಳೆನೀರು ಹಿಡಿದು ಹಾಕಿದರೆ ಚೇತರಿಸಿಕೊಳ್ಳುತ್ತದೆ. ಗಿಡ ಆರಿಸುವಾಗ ನಲ್ಲಿಯಲ್ಲಿ ಯಾವ ನೀರು ಬರುತ್ತೆ ಅಂತ ನೋಡಬೇಕು ಅನ್ನುವುದನ್ನು ನನಗೆ ಹೇಳಿಕೊಟ್ಟದ್ದು ಈ ಗಿಡ.

ಪಶ್ಚಿಮದ ಗೋಡೆ ಪಕ್ಕಕ್ಕೆ, ಮೇಲಾಗಿ ಆಗಾಗ ಬೀಗ ಬೀಳುವ ಮನೆಗೆ, ನನ್ನ ಮತ ಕಾಗದದ ಹೂವಿಗೆ. ಬೋಗನ್‌ವಿಲ್ಲಾ ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಬೇರು ಇಕ್ಕಟ್ಟಾಗಿ, ಮಣ್ಣು ಒಣಗಿ, ಬಿಸಿಲು ಸುಡುತ್ತಿದ್ದರೇ ಅದಕ್ಕೆ ಹೂ ಬಿಡುವ ಹುರುಪು. ಪ್ರೀತಿಯಿಂದ ದೊಡ್ಡ ಕುಂಡ ಕೊಟ್ಟು ದಿನಾ ನೀರು ಹಾಕಿದರೆ ಬರೀ ಹಸಿರು ಬೆಳೆಯುತ್ತದೆ. ಅಡೇನಿಯಂ ಕೂಡ ಇದೇ ಸಾಲಿನದು, ಉಬ್ಬಿದ ಕಾಂಡದಲ್ಲಿ ನೀರು ಕೂಡಿಟ್ಟುಕೊಳ್ಳುತ್ತದೆ. ಅದನ್ನು ಕೊಲ್ಲುವುದು ಬೇಸಿಗೆಯಲ್ಲ, ಮಳೆಗಾಲ. ಜಡಿಮಳೆಯಲ್ಲಿ ಸಜ್ಜೆಯ ಕೆಳಗೆ ಎಳೆದುಕೊಳ್ಳಬೇಕು. ಕಣಗಿಲೆಯೂ ಬಿಸಿಲಿಗೆ ಗಟ್ಟಿ, ಪೂಜೆಗೂ ಆಗುತ್ತದೆ. ಆದರೆ ಎಲೆ, ಹೂ, ಕಾಂಡ ಎಲ್ಲವೂ ವಿಷ. ಸಿಕ್ಕಿದ್ದನ್ನು ಬಾಯಿಗೆ ಹಾಕುವ ಮಗು ಇರುವ ಮನೆಗೆ ಬೇಡ. ಅಡೇನಿಯಂನ ಹಾಲೂ ಅಷ್ಟೇ.

ದಾಸವಾಳ ಯಾರು ಬೇಕಾದರೂ ಬೆಳೆಸಬಹುದು ಅನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಬಿಳಿ ಹುಳ ಮೊದಲು ಹತ್ತುವುದು ಅದಕ್ಕೇ, ಅಲ್ಲಿಂದ ಉಳಿದವಕ್ಕೆ. ವಾರಕ್ಕೊಮ್ಮೆ ಎಲೆ ಮಗುಚಿ ನೋಡುವ ತಾಳ್ಮೆ ಇದ್ದವರು ತರಲಿ.

ಮರಗಳ ವಿಷಯಕ್ಕೆ ಬಂದರೆ, ತರಕಾರಿಗೂ ಮರಕ್ಕೂ ಒಂದು ವ್ಯತ್ಯಾಸ ಇದೆ. ಬೆಂಗಳೂರಲ್ಲಿ ತಾರಸಿ ತೋಟದ ಹುಚ್ಚು ಹರಡಿದ್ದರಲ್ಲಿ ಕೃಷಿ ವಿಜ್ಞಾನಿ ಡಾ. ಬಿ. ಎನ್. ವಿಶ್ವನಾಥ್ ಅವರ ಪಾಲು ದೊಡ್ಡದು. 2011ರಲ್ಲಿ ಶುರುವಾದ 'ಊಟ ಫ್ರಮ್ ಯುವರ್ ತೋಟ' ಸಂತೆಗಳಿಂದ ಎಷ್ಟೋ ಜನ ಟೊಮೆಟೊ, ಬದನೆ, ಸೊಪ್ಪು ಬೆಳೆಯಲು ಕಲಿತರು. ಸೊಪ್ಪು ಕೈಕೊಟ್ಟರೆ ತಿಂಗಳಲ್ಲಿ ಮತ್ತೆ ಬಿತ್ತಬಹುದು. ಮರದ ಆಯ್ಕೆ ಹತ್ತು ವರ್ಷದ್ದು. ಅದಕ್ಕೇ ಬೀಜದಿಂದ ಎದ್ದ ಗಿಡವನ್ನು ಕುಂಡಕ್ಕೆ ತರಬಾರದು ಅನ್ನುತ್ತೇನೆ. ಮೊದಲ ಹಣ್ಣಿಗೆ ಕಾಯುವ ಅಷ್ಟೂ ವರ್ಷ ಅದು ಬೇರು ಬೆಳೆಸುತ್ತಲೇ ಇರುತ್ತದೆ, ಕುಂಡ ಸಾಲದಾಗುತ್ತದೆ. ಕಸಿ ಗಿಡ ಚಿಕ್ಕದಿರುವಾಗಲೇ ಫಲಕ್ಕೆ ಬರುತ್ತದೆ. ಬುಡದಲ್ಲಿ ಕಸಿಯ ಗಂಟು ಇದೆಯಾ ನೋಡಿ. ಆ ಗಂಟಿನ ಕೆಳಗೆ ಬರುವ ಚಿಗುರನ್ನೆಲ್ಲ ಕೀಳುತ್ತಿರಬೇಕು, ಇಲ್ಲದಿದ್ದರೆ ಕೆಳಗಿನ ಕಾಡು ಗಿಡ ಮೇಲಿನದನ್ನು ನುಂಗುತ್ತದೆ. ಸಂಪಿಗೆಯಲ್ಲಿ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಬೀಜದ ಸಂಪಿಗೆ ಹೂ ಬಿಡುವ ಹೊತ್ತಿಗೆ ಮಹಡಿ ಎತ್ತರ ಆಗಿರುತ್ತದೆ. ಕಸಿ ಸಂಪಿಗೆ ಸೊಂಟದೆತ್ತರದಲ್ಲೇ ಘಮಘಮಿಸುತ್ತದೆ.

ನಿಂಬೆ ಮತ್ತು ದಾಳಿಂಬೆ, ಇವೆರಡೂ ನನ್ನ ಮೆಚ್ಚಿನ ಕುಂಡದ ಮರಗಳು. ಎರಡೂ ವಿಜಯಪುರ, ಬಾಗಲಕೋಟೆ ಸೀಮೆಯ ಒಣ ಹವೆಯಲ್ಲಿ ಬೆಳೆದು ಹೆಸರು ಮಾಡಿದವು. ಅಲ್ಲಿನ ದಾಳಿಂಬೆ ರೈತರು ಕೆಲವು ವಾರ ನೀರು ನಿಲ್ಲಿಸಿ, ಎಲೆ ಉದುರಿಸಿ, ಮತ್ತೆ ನೀರು ಗೊಬ್ಬರ ಕೊಟ್ಟು ಒಮ್ಮೆಲೇ ಹೂ ಬರಿಸುತ್ತಾರೆ. ಮೃಗ ಬಹಾರ್, ಹಸ್ತ ಬಹಾರ್ ಅಂತೆಲ್ಲ ಕರೆಯುವುದು ಇದನ್ನೇ. ಕುಂಡದಲ್ಲಿ ಈ ಕೆಲಸ ಹೊಲಕ್ಕಿಂತ ಸುಲಭ, ನೀರು ಪೂರ್ತಿ ನಮ್ಮ ಕೈಯಲ್ಲಿರುತ್ತದಲ್ಲ. ಆದರೆ ಕಾಯಿ ಕಚ್ಚಿದ ಮೇಲೆ ಒಂದು ದಿನ ಬರ, ಒಂದು ದಿನ ನೆರೆ ಅಂತ ಮಾಡಿದರೆ ದಾಳಿಂಬೆ ಬಿರಿಯುತ್ತದೆ. ಆಗ ಮಾತ್ರ ನೀರು ಹದವಾಗಿ, ತಪ್ಪದೆ ಬೇಕು. ನಲವತ್ತು, ಐವತ್ತು ಲೀಟರಿನ ಕುಂಡ ಎರಡಕ್ಕೂ ಸಾಲುತ್ತದೆ. ನಿಂಬೆ ಗಿಡಕ್ಕೆ ಚಿಟ್ಟೆ ಬಂದು ಮೊಟ್ಟೆ ಇಡುತ್ತದೆ, ಕರಿಬೇವಿಗೂ ಅಷ್ಟೇ. ಮರಿಹುಳ ಮೊದಮೊದಲು ಹಕ್ಕಿಯ ಹಿಕ್ಕೆಯ ಹಾಗೆ ಕಾಣುತ್ತದೆ, ಬೆಳೆದ ಮೇಲೆ ಹಸಿರು. ದೊಡ್ಡ ನಿಂಬೆಯಲ್ಲಿದ್ದರೆ ಬಿಟ್ಟುಬಿಡುತ್ತೇನೆ. ಎಳೆ ಗಿಡದಲ್ಲಿದ್ದರೆ ಎತ್ತಿ ದೊಡ್ಡ ಗಿಡಕ್ಕೆ ದಾಟಿಸುತ್ತೇನೆ.

ಮಾವು ಬೇಕೇ ಬೇಕು ಅನ್ನುವವರಿಗೆ ಆಮ್ರಪಾಲಿ ಇದೆ. ದಶಹರಿ ಮತ್ತು ನೀಲಂ ಸೇರಿಸಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಹೊರತಂದ ಗಿಡ್ಡ ತಳಿ. ಮಾಮೂಲಿ ಮಾವನ್ನು ಹತ್ತು ಮೀಟರಿಗೊಂದರಂತೆ ನೆಟ್ಟರೆ ಹೆಕ್ಟೇರಿಗೆ ನೂರು ಮರ. ಆಮ್ರಪಾಲಿಯನ್ನು ಎರಡೂವರೆ ಮೀಟರಿಗೊಂದರಂತೆ 1,600 ನೆಡುತ್ತಾರೆ. ಅದರ ಮೈಕಟ್ಟು ಎಷ್ಟು ಅಂತ ಇದರಲ್ಲೇ ತಿಳಿಯುತ್ತದೆ. ಆದರೂ ಅರ್ಧ ಡ್ರಮ್ ಬೇಕು, ಅಂದರೆ ಮತ್ತೆ ಆ ನೂರೈವತ್ತು ಕಿಲೋ ಲೆಕ್ಕ. ಬಾಡಿಗೆ ಮನೆಯವರು ಒಮ್ಮೆ ಯೋಚಿಸಿ. ಮನೆ ಬದಲಿಸುವ ದಿನ ಅದು ಲಿಫ್ಟಿನೊಳಗೆ ಹೋಗುತ್ತಾ, ಹೋದರೂ ಎತ್ತುವವರು ಯಾರು? ಬಾಡಿಗೆ ಮನೆಗೆ ಒಬ್ಬರೇ ಎತ್ತಬಹುದಾದ ಕುಂಡ ಅನ್ನುವುದು ನನ್ನ ಮಿತಿ. ಕರಿಬೇವು, ದೊಡ್ಡಪತ್ರೆ, ಮಲ್ಲಿಗೆ, ಒಂದು ಬ್ರಹ್ಮಕಮಲ.

ತಾರಸಿಗೆ ಸರ್ವಥಾ ಬೇಡ ಅನ್ನುವುದು ಹಲಸು, ನೇರಳೆ ಮತ್ತು ಅರಳಿ, ಆಲದ ಬಳಗ. ಲಾಲ್‌ಬಾಗಿನ ಬೋನ್ಸಾಯ್ ತೋಟ ನೋಡಿ ಆಸೆಯಾಗುತ್ತದೆ ನಿಜ. ಆದರೆ ಅಲ್ಲಿ ದಿನವೂ ಕೈಯಾಡಿಸುವವರಿದ್ದಾರೆ. ನಮ್ಮ ಕುಂಡದ ತೂತಿನಿಂದ ಅರಳಿ ಬೇರು ಹೊರಬಂದು ಪ್ಯಾರಾಪೆಟ್‌ನ ಬಿರುಕು ಹುಡುಕಿಕೊಂಡರೆ ಮತ್ತೆ ಗಾರೆಯವರನ್ನೇ ಕರೆಸಬೇಕು.

ಯಾವ ಮರವಾದರೂ ಎರಡು ಮೂರು ವರ್ಷಕ್ಕೊಮ್ಮೆ ಕುಂಡದಿಂದ ತೆಗೆದು, ಸುತ್ತಿಕೊಂಡ ಬೇರನ್ನು ಕತ್ತರಿಸಿ, ಹೊಸ ಮಣ್ಣು ಕೊಟ್ಟು ಮತ್ತೆ ಕೂರಿಸಬೇಕು. ಬೇರು ಕಡಿಮೆಯಾದಷ್ಟು ಮೇಲಿನ ಕೊಂಬೆಯನ್ನೂ ಇಳಿಸಬೇಕು. ನಾನು ಇದನ್ನು ಮೃಗಶಿರ ಮಳೆಗೆ ಇಟ್ಟುಕೊಳ್ಳುತ್ತೇನೆ. ಜೂನ್ ಎರಡನೇ ವಾರದ ಹೊತ್ತಿಗೆ ಮೋಡ ಕವಿದಿರುತ್ತದೆ, ಗಿಡಕ್ಕೆ ಆಘಾತ ಕಡಿಮೆ. ಕುಂಡದ ಕೆಳಗಿನ ತಟ್ಟೆಗಳನ್ನು ಆಗಲೇ ಎತ್ತಿಡಬೇಕು. ಡೆಂಗಿ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ವಾರ, ಹತ್ತು ದಿನದ ನಿಂತ ನೀರು ಸಾಕು.

ಈ ಸಲದ ಮೃಗಶಿರಕ್ಕೆ ಪೂರ್ವದ ಮೂಲೆಯಲ್ಲಿ ಒಂದು ಜಾಗ ಖಾಲಿ ಇದೆ. ನನಗೆ ಅಂಜೂರ ತರುವ ಆಸೆ. ಬೇರು ಇಕ್ಕಟ್ಟಾದರೂ ಬೇಸರ ಮಾಡಿಕೊಳ್ಳದೆ ಹಣ್ಣು ಕೊಡುವ ಗಿಡ, ಬಳ್ಳಾರಿ ಕಡೆ ಬೆಳೆಯುವಂಥದ್ದು. ನಮ್ಮನೆಯವರು ರಾಮನಗರದ ಕಡೆಯವರು, ಹಿಪ್ಪುನೇರಳೆಯೇ ಆಗಬೇಕು ಅನ್ನುತ್ತಾರೆ. ಎಷ್ಟು ಕಡಿದರೂ ಚಿಗುರುತ್ತೆ, ಚಿಗುರಿದಾಗಲೆಲ್ಲ ಹಣ್ಣು ಬಿಡುತ್ತೆ ಅಂತ ಅವರ ವಾದ. ನೆಲಕ್ಕೆ ಬಿದ್ದ ಹಣ್ಣಿನ ನೇರಳೆ ಕಲೆ ಉಜ್ಜುವವರು ಯಾರು ಅಂತ ಕೇಳಿದ್ದೇನೆ. ಅದಕ್ಕಿನ್ನೂ ಉತ್ತರ ಬಂದಿಲ್ಲ.